ರೂಪಾಯಿ ನೋಟಿಗೇ ಇಲ್ಲದ ಎಮೋಜಿ ಬಿಟ್‌ಕಾಯಿನ್‌ಗೆ ಬೇಕೆ?

ನಿಮ್ಮ ಮೊಬೈಲ್‌ನಲ್ಲಿ ಎಮೋಜಿ ಪಟ್ಟಿ ತೆರೆದು ದುಡ್ಡಿನ ಚಿತ್ರಗಳನ್ನು ಹುಡುಕಿ ನೋಡಿ. ನಾಲ್ಕು ಬಗೆಯ ನೋಟು ಸಿಗುತ್ತವೆ: ಜಪಾನಿನ ಯೆನ್, ಅಮೆರಿಕದ ಡಾಲರ್, ಯುರೋಪಿನ ಯೂರೋ, ಬ್ರಿಟನ್ನಿನ ಪೌಂಡ್. ಪಕ್ಕದಲ್ಲಿ ಒಂದು ದುಡ್ಡಿನ ಚೀಲ ಇದೆ, ಅದರ ಮೇಲೆ ಡಾಲರ್ ಗುರುತು. ನಮ್ಮ ರೂಪಾಯಿ ನೋಟು ಎಲ್ಲೂ ಇಲ್ಲ. ಕ್ಯಾಂಟೀನಿನ ಸಮೋಸಾ ಬಾಕಿ ಕೇಳುವಾಗಲೂ ನಾವು ಗೆಳೆಯರಿಗೆ ಕಳಿಸುವುದು ಅಮೆರಿಕದ ದುಡ್ಡಿನ ಚಿತ್ರ.

ಈ ವರ್ಷ ವ್ಯವಹಾರ ಅಧ್ಯಯನದಲ್ಲಿ ಬ್ರ್ಯಾಂಡಿಂಗ್ ಪಾಠ ಮುಗಿದ ದಿನ ನಮ್ಮ ತರಗತಿಯಲ್ಲಿ ಒಂದು ವಾದ ಹುಟ್ಟಿಕೊಂಡಿತು. ಪಿಜ್ಜಾಕ್ಕೆ ಎಮೋಜಿ ಇದೆ, ಪಿಜ್ಜಾ ಮಾರುವ ಕಂಪನಿಗೆ ಏಕಿಲ್ಲ? ನಾಣ್ಯಕ್ಕೆ ಇದೆ, ಬಿಟ್‌ಕಾಯಿನ್‌ಗೆ ಏಕಿಲ್ಲ? ಇಷ್ಟೊಂದು ಜನ ದಿನಾ ಮಾತಾಡುವ ವಿಷಯಕ್ಕೆ ಒಂದು ಪುಟ್ಟ ಚಿತ್ರ ಕೊಟ್ಟರೆ ಯಾರ ಗಂಟು ಹೋಗುತ್ತದೆ? ಅಂದು ಗಂಟೆ ಬಾರಿಸಿದ್ದರಿಂದ ವಾದ ಅರ್ಧಕ್ಕೇ ನಿಂತಿತು. ನನ್ನ ಉತ್ತರ ‘ಕೊಡಬಾರದು’ ಎಂದು. ಆದರೆ ಬ್ರ್ಯಾಂಡ್‌ಗೆ ಹೇಳುವ ಕಾರಣ ಬೇರೆ, ಡಿಜಿಟಲ್ ಹಣಕ್ಕೆ ಹೇಳುವ ಕಾರಣ ಬೇರೆ. ಬಿಟ್‌ಕಾಯಿನ್‌ಗಂತೂ ಅರ್ಧ ಬಾಗಿಲು ಈಗಾಗಲೇ ತೆರೆದಿದೆ.

ಎಮೋಜಿಯನ್ನು ನಾವೆಲ್ಲ ಚಿತ್ರ ಎಂದುಕೊಂಡಿದ್ದೇವೆ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಅಕ್ಷರ. ಕನ್ನಡದ ‘ಕ’ ಹೇಗೆ ಒಂದು ಅಕ್ಷರವೋ, ಉರ್ದುವಿನ ಅಲಿಫ್ ಹೇಗೆ ಒಂದು ಅಕ್ಷರವೋ, ನಗುವ ಮುಖವೂ ಹಾಗೆಯೇ. ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡಲಾಗಿದೆ. ನೀವು ಸಂದೇಶ ಕಳಿಸಿದಾಗ ಹೋಗುವುದು ಆ ಸಂಖ್ಯೆ ಮಾತ್ರ. ಆ ಕಡೆಯ ಫೋನು ಸಂಖ್ಯೆಯನ್ನು ಓದಿ, ತನ್ನ ಬಳಿ ಇರುವ ಚಿತ್ರವನ್ನು ತೋರಿಸುತ್ತದೆ. ಈ ಸಂಖ್ಯೆಗಳ ದೊಡ್ಡ ಪಟ್ಟಿಯ ಹೆಸರು ಯೂನಿಕೋಡ್. ಅದರಲ್ಲಿ ಈಗ ಒಂದೂವರೆ ಲಕ್ಷಕ್ಕೂ ಹೆಚ್ಚು ಅಕ್ಷರಗಳಿವೆ. ಎಮೋಜಿಗಳು 3,700ಕ್ಕೂ ಹೆಚ್ಚು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು.

ಒಂದೇ ಪಟ್ಟಿ ಏಕೆ ಬೇಕು ಎಂಬುದು ನಮ್ಮ ಕಚೇರಿ ಸಿಬ್ಬಂದಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಸುತ್ತೋಲೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ರೂಪಾಯಿ ಚಿಹ್ನೆಗೂ ಮೊದಲು ಇದೇ ಗತಿಯಾಗಿತ್ತು. ಐಐಟಿ ಬಾಂಬೆಯ ಡಿ. ಉದಯ ಕುಮಾರ್ ಬರೆದ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಕೆಲವೇ ದಿನಗಳಲ್ಲಿ ನಮ್ಮ ಮಂಗಳೂರಿನ ಫೊರೇಡಿಯನ್ ಎಂಬ ಕಂಪನಿ ಒಂದು ಫಾಂಟ್ ತಯಾರಿಸಿ ಉಚಿತವಾಗಿ ಹಂಚಿತು. ಕೀಲಿಮಣೆಯಲ್ಲಿ ಟ್ಯಾಬ್ ಕೀಲಿಯ ಮೇಲಿನ ಕೀಲಿ ಒತ್ತಿದರೆ ರೂಪಾಯಿ ಬರುತ್ತಿತ್ತು. ಒಳ್ಳೆಯ ಉಪಾಯ. ಆದರೆ ಆ ಫಾಂಟ್ ಇಲ್ಲದವರಿಗೆ ರೂಪಾಯಿಯ ಬದಲು ಒಂದು ಓರೆ ಗೀಟು ಮಾತ್ರ ಕಾಣುತ್ತಿತ್ತು. ಅದೇ ಅಕ್ಟೋಬರ್‌ನಲ್ಲಿ ಯೂನಿಕೋಡ್ 6.0 ಬಂದು ರೂಪಾಯಿಗೆ ಅದರದೇ ಸಂಖ್ಯೆ ಕೊಟ್ಟ ಮೇಲೆ ತೊಂದರೆ ತೀರಿತು. ತಮಾಷೆ ಎಂದರೆ, ಎಮೋಜಿಗಳು ದೊಡ್ಡ ಸಂಖ್ಯೆಯಲ್ಲಿ ಯೂನಿಕೋಡ್ ಸೇರಿದ್ದೂ ಅದೇ ಆವೃತ್ತಿಯಲ್ಲಿ. ರೂಪಾಯಿ ಚಿಹ್ನೆಯೂ ಎಮೋಜಿಯೂ ಒಂದೇ ದಿನ ದಾಖಲಾತಿ ಪಡೆದ ಸಹಪಾಠಿಗಳು.

ಈ ಪಟ್ಟಿಯನ್ನು ನೋಡಿಕೊಳ್ಳುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಯೂನಿಕೋಡ್ ಕನ್ಸೋರ್ಷಿಯಂ ಎಂಬ ಲಾಭರಹಿತ ಸಂಸ್ಥೆ. ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಅದರ ಸದಸ್ಯರು. ಸರ್ಕಾರಗಳೂ ಸದಸ್ಯರಾಗಬಹುದು. ಓಮನ್ ದೇಶದ ವಕ್ಫ್ ಮತ್ತು ಧಾರ್ಮಿಕ ವ್ಯವಹಾರಗಳ ಸಚಿವಾಲಯ ಕೆಲವು ವರ್ಷ ಅಲ್ಲಿ ಮತ ಹಾಕುವ ಸದಸ್ಯನಾಗಿತ್ತು ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಈ ಸಂಸ್ಥೆಯ ಎರಡು ನಿಯಮಗಳು ನಮ್ಮ ವಾದಕ್ಕೆ ಮುಖ್ಯ. ಒಂದು, ಒಮ್ಮೆ ಪಟ್ಟಿಗೆ ಸೇರಿದ ಅಕ್ಷರವನ್ನು ಎಂದಿಗೂ ತೆಗೆಯುವುದಿಲ್ಲ, ಅದರ ಹೆಸರನ್ನೂ ಬದಲಿಸುವುದಿಲ್ಲ. ತೆಗೆದರೆ ಹಳೆಯ ಕಡತಗಳೆಲ್ಲ ಕೆಡುತ್ತವೆ. ಇನ್ನೊಂದು, ಸಂಸ್ಥೆ ಕೊಡುವುದು ಸಂಖ್ಯೆ ಮತ್ತು ಹೆಸರು ಮಾತ್ರ. ಚಿತ್ರ ಬರೆಯುವುದು ಆಯಾ ಫೋನ್ ಕಂಪನಿಯ ಕೆಲಸ. 2017ರಲ್ಲಿ ಗೂಗಲ್ ತನ್ನ ಬರ್ಗರ್ ಎಮೋಜಿಯಲ್ಲಿ ಚೀಸನ್ನು ಪ್ಯಾಟಿಯ ಕೆಳಗೆ ಇಟ್ಟಿತ್ತು, ಆ್ಯಪಲ್ ಮೇಲೆ ಇಟ್ಟಿತ್ತು. ಜನ ನಕ್ಕರು. ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ, ಉಳಿದ ಕೆಲಸ ಬಿಟ್ಟು ಮೊದಲು ಇದನ್ನು ಸರಿಮಾಡುತ್ತೇವೆ ಎಂದು ಟ್ವೀಟ್ ಮಾಡಿದರು. ಚೀಸ್ ಮೇಲಕ್ಕೆ ಹೋಯಿತು.

ಬರ್ಗರ್ ಆದರೆ ನಕ್ಕು ಬಿಡಬಹುದು. ಲೋಗೋ ಆದರೆ?

ನಮ್ಮ ಪಠ್ಯಪುಸ್ತಕದಲ್ಲಿ ಬ್ರ್ಯಾಂಡ್ ಹೆಸರು, ಬ್ರ್ಯಾಂಡ್ ಗುರುತು, ಟ್ರೇಡ್‌ಮಾರ್ಕ್ ಎಂಬ ಮೂರನ್ನು ಬೇರೆ ಬೇರೆಯಾಗಿ ಹೇಳಿದ್ದಾರೆ. ಬಾಯಲ್ಲಿ ಹೇಳಬಹುದಾದದ್ದು ಹೆಸರು. ಕಣ್ಣಿಗೆ ಕಂಡು ಗುರುತು ಹಿಡಿಯುವಂಥದ್ದು ಗುರುತು. ಕಾನೂನಿನ ರಕ್ಷಣೆ ಸಿಕ್ಕಿದ್ದು ಟ್ರೇಡ್‌ಮಾರ್ಕ್. ನಮ್ಮ ದೇಶದಲ್ಲಿ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಂತೆ ನೋಂದಣಿ ಹತ್ತು ವರ್ಷಕ್ಕೆ ಸಿಗುತ್ತದೆ, ಮತ್ತೆ ಮತ್ತೆ ನವೀಕರಿಸಬಹುದು. ಆ ಗುರುತಿನ ಪ್ರಾಣ ಇರುವುದು ಎರಡು ವಿಷಯದಲ್ಲಿ: ಅದರ ಆಕಾರ, ಬಣ್ಣ ಎಲ್ಲೆಡೆ ಒಂದೇ ಇರಬೇಕು; ಮಾಲೀಕನ ಅನುಮತಿ ಇಲ್ಲದೆ ಬೇರೆಯವರು ಅದನ್ನು ವ್ಯಾಪಾರಕ್ಕೆ ಬಳಸಬಾರದು. ಎಮೋಜಿಯ ಪ್ರಾಣ ಸರಿಯಾಗಿ ಇದಕ್ಕೆ ಎದುರು ದಿಕ್ಕಿನಲ್ಲಿದೆ. ಪ್ರತಿ ಕಂಪನಿ ಅದನ್ನು ತನಗೆ ಬೇಕಾದಂತೆ ಬರೆಯುತ್ತದೆ, ಪ್ರತಿಯೊಬ್ಬರೂ ಯಾರನ್ನೂ ಕೇಳದೆ ಬಳಸುತ್ತಾರೆ. ಒಂದೇ ವಸ್ತು ಎರಡೂ ಆಗಿರಲು ಸಾಧ್ಯವಿಲ್ಲ.

ಹೀಗಾಗಿ ಲೋಗೋ ಎಮೋಜಿ ಆದರೆ ಮೊದಲು ಪೆಟ್ಟು ಬೀಳುವುದು ಕಂಪನಿಗೇ ಎಂದು ನನ್ನ ಅನಿಸಿಕೆ. ನಾವು ಯಾವ ಯಂತ್ರದಲ್ಲಿ ನಕಲು ತೆಗೆಸಿದರೂ ‘ಜೆರಾಕ್ಸ್ ಮಾಡಿಸಿಕೊಂಡು ಬಾ’ ಅನ್ನುತ್ತೇವೆ. ಅಂಗಡಿಗೆ ಹೋಗಿ ಕೋಲ್ಗೇಟ್ ಕೊಡಿ ಎಂದು ಕೇಳಿ ಬೇರೆ ಪೇಸ್ಟ್ ತರುವವರೂ ನಮ್ಮ ಮನೆಯಲ್ಲೇ ಇದ್ದಾರೆ. ಹೆಸರು ಎಲ್ಲರ ಸೊತ್ತಾದಷ್ಟೂ ಮಾಲೀಕನ ಹಿಡಿತ ಸಡಿಲವಾಗುತ್ತದೆ. ಜೆರಾಕ್ಸ್ ಕಂಪನಿಯಂತೂ ತನ್ನ ಹೆಸರನ್ನು ಹೀಗೆ ಬಳಸಬೇಡಿ ಎಂದು ದುಡ್ಡು ಕೊಟ್ಟು ಜಾಹೀರಾತು ಹಾಕಿಸಿತ್ತು.

ಇನ್ನು ‘ಎಂದಿಗೂ ತೆಗೆಯುವುದಿಲ್ಲ’ ಎಂಬ ನಿಯಮಕ್ಕೆ ಬನ್ನಿ. ಬ್ರ್ಯಾಂಡ್ ಗುರುತಿಗೆ ನಮ್ಮ ಪುಸ್ತಕ ಕೊಡುವ ಉದಾಹರಣೆಗಳಲ್ಲಿ ಏಷ್ಯನ್ ಪೇಂಟ್ಸ್‌ನ ಗಟ್ಟು ಒಂದು. ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದ ಆ ತುಂಟ ಹುಡುಗನನ್ನು 1954ರಲ್ಲಿ ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. 2000ದ ದಶಕದ ಆರಂಭದಲ್ಲೇ ಕಂಪನಿ ಅವನನ್ನು ಕೈಬಿಟ್ಟಿತು. ನಾವು ಪರೀಕ್ಷೆಗಾಗಿ ಗಟ್ಟುವಿನ ಹೆಸರು ಬಾಯಿಪಾಠ ಮಾಡುತ್ತೇವೆ, ನಮ್ಮಲ್ಲಿ ಒಬ್ಬರೂ ಅವನನ್ನು ಡಬ್ಬಿಯ ಮೇಲೆ ಕಂಡವರಲ್ಲ. ಟ್ವಿಟರ್‌ನ ನೀಲಿ ಹಕ್ಕಿಯನ್ನು ನಾವೇ ಕಂಡಿದ್ದೇವೆ. 2023ರ ಜುಲೈನಲ್ಲಿ ಅದೂ ಹಾರಿಹೋಗಿ ಅಲ್ಲಿ ಒಂದು ‘ಎಕ್ಸ್’ ಕೂತಿತು.

ನಮ್ಮ ರಾಜ್ಯದ ಬ್ಯಾಂಕುಗಳನ್ನೇ ನೋಡಿ. ಕೆಲವೇ ವರ್ಷಗಳ ಹಿಂದೆ ಊರ ಬೀದಿಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳ ಫಲಕಗಳಿದ್ದವು. ಮೊದಲನೆಯದು 2017ರ ಏಪ್ರಿಲ್ 1ರಂದು ಎಸ್‌ಬಿಐಗೆ ಸೇರಿತು. ಎರಡನೆಯದು 2019ರ ಅದೇ ದಿನ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಉಳಿದೆರಡು 2020ರ ಏಪ್ರಿಲ್ 1ರಂದು ಹೋದವು: ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ. ಕಾರ್ಪೊರೇಷನ್ ಬ್ಯಾಂಕನ್ನು 1906ರಲ್ಲಿ ಉಡುಪಿಯಲ್ಲಿ ಕಟ್ಟಿದವರು ಹಾಜಿ ಅಬ್ದುಲ್ಲಾ ಸಾಹೇಬರು. ನಮ್ಮ ಸಮುದಾಯದ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುವ ಹೆಸರು ಅದು. ನಮ್ಮ ಅಬ್ಬಾ ಮೊದಲ ಖಾತೆ ತೆರೆದದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ. ನಾಯಿಯ ಚಿತ್ರವಿದ್ದ ಆ ಬ್ಯಾಂಕಿನ ಪಾಸ್‌ಬುಕ್ಕನ್ನು ಅವರು ಇನ್ನೂ ಅಲಮಾರಿಯಲ್ಲಿ ಇಟ್ಟಿದ್ದಾರೆ. ಈ ನಾಲ್ಕು ಲೋಗೋಗಳಿಗೂ 2010ರಲ್ಲಿ ಎಮೋಜಿ ಕೊಟ್ಟಿದ್ದರೆ ಇಂದು ಪ್ರಪಂಚದ ಎಲ್ಲ ಫೋನುಗಳೂ ಇಲ್ಲದ ನಾಲ್ಕು ಬ್ಯಾಂಕುಗಳನ್ನು ಹೊತ್ತು ತಿರುಗಬೇಕಿತ್ತು. ಪಾಸ್‌ಬುಕ್ಕಿಗೆ ನಮ್ಮ ಅಲಮಾರಿ ಸಾಕು.

ಜಾಗದ ಕೊರತೆ ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ಅದು ನಿಜವಲ್ಲ. ಯೂನಿಕೋಡ್‌ನಲ್ಲಿ ಒಟ್ಟು 11,14,112 ಸಂಖ್ಯೆಗಳಿಗೆ ಅವಕಾಶವಿದೆ, ಹೆಚ್ಚಿನವು ಇನ್ನೂ ಖಾಲಿ. ತೊಂದರೆ ಇರುವುದು ‘ಇವರಿಗೆ ಕೊಟ್ಟ ಮೇಲೆ ಅವರಿಗೆ ಏಕಿಲ್ಲ’ ಎಂಬ ಪ್ರಶ್ನೆಯಲ್ಲಿ. 2023ರ ಏಪ್ರಿಲ್‌ನಲ್ಲಿ, ವಿಧಾನಸಭಾ ಚುನಾವಣೆಗೆ ಸ್ವಲ್ಪ ಮುಂಚೆ, ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುತ್ತೇವೆ ಎಂದು ಘೋಷಿಸಿದಾಗ ನಂದಿನಿಯನ್ನು ಉಳಿಸಿ ಎಂದು ಎಷ್ಟು ಗದ್ದಲವಾಯಿತು ನೆನಪಿದೆಯಲ್ಲ. ಈಗ ಅಮುಲ್‌ಗೆ ಎಮೋಜಿ ಸಿಕ್ಕಿತು, ನಂದಿನಿಗೆ ಸಿಗಲಿಲ್ಲ ಎಂದುಕೊಳ್ಳಿ. ಅಥವಾ ಎರಡಕ್ಕೂ ಸಿಕ್ಕಿ ತಮಿಳುನಾಡಿನ ಆವಿನ್‌ಗೆ, ಕೇರಳದ ಮಿಲ್ಮಾಕ್ಕೆ ಸಿಗಲಿಲ್ಲ ಎಂದುಕೊಳ್ಳಿ. ಈ ಜಗಳವನ್ನು ಕ್ಯಾಲಿಫೋರ್ನಿಯಾದ ಸಮಿತಿ ತೀರ್ಮಾನಿಸಬೇಕೆ? ಅವರ ಪಟ್ಟಿಯಲ್ಲಿ ಹಾಲಿನ ಲೋಟವಿದೆ. ಅದರೊಳಗೆ ನಾವು ಯಾವ ಹಾಲನ್ನಾದರೂ ಸುರಿದುಕೊಳ್ಳಬಹುದು.

ಸಮಿತಿಯ ನಿಯಮವೂ ಹಾಗೆಯೇ ಇದೆ. ಲೋಗೋ, ಬ್ರ್ಯಾಂಡ್, ಬೇರೆಯವರ ಹಕ್ಕಿರುವ ಚಿತ್ರ, ನಿರ್ದಿಷ್ಟ ವ್ಯಕ್ತಿ, ನಿರ್ದಿಷ್ಟ ಕಟ್ಟಡ, ದೇವರು – ಇವುಗಳ ಅರ್ಜಿಯನ್ನು ಅವರು ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಟೋಕಿಯೋ ಟವರ್, ಲಿಬರ್ಟಿ ಪ್ರತಿಮೆ ಹೇಗೆ ಬಂದವು ಎಂದು ನೀವು ಕೇಳಬಹುದು. ಜಪಾನಿನ ಮೊಬೈಲ್ ಕಂಪನಿಗಳು 1990ರ ದಶಕದ ಕೊನೆಯಿಂದಲೇ ತಮ್ಮ ತಮ್ಮ ಎಮೋಜಿ ಪಟ್ಟಿಗಳನ್ನು ಮಾಡಿಕೊಂಡಿದ್ದವು. ಯೂನಿಕೋಡ್ ಆ ಹಳೆಯ ಪಟ್ಟಿಗಳನ್ನು ಒಟ್ಟುಗೂಡಿಸಿತು. ಯೆನ್ ನೋಟು ಇರುವುದಕ್ಕೂ ಈ ಜಪಾನಿ ಮೂಲವೇ ಕಾರಣ. ಆದರೆ ಆ ಪಟ್ಟಿಗಳಲ್ಲಿ ಕಂಪನಿಗಳ ಸ್ವಂತ ಸೇವೆಗಳ ಲೋಗೋಗಳೂ ಇದ್ದವು. ಟವರ್ ಒಳಗೆ ಬಂತು, ಲೋಗೋಗಳನ್ನು ಹೊರಗಿಟ್ಟರು.

ಮುಂಬಾಗಿಲು ಮುಚ್ಚಿದರೆ ವ್ಯಾಪಾರಿ ಹಿತ್ತಲ ಬಾಗಿಲು ಹುಡುಕುತ್ತಾನೆ. ಟ್ಯಾಕೋ ಬೆಲ್ ಎಂಬ ಅಮೆರಿಕದ ಹೋಟೆಲ್ ಸರಪಳಿ, ಟ್ಯಾಕೋ ತಿಂಡಿಗೆ ಎಮೋಜಿ ಬೇಕೆಂದು ಜನರಿಂದ ಸಹಿ ಸಂಗ್ರಹಿಸಿತು. 2015ರಲ್ಲಿ ಟ್ಯಾಕೋ ಬಂದೇಬಿಟ್ಟಿತು. ಫೋರ್ಡ್ ಕಂಪನಿ ಪಿಕಪ್ ಟ್ರಕ್ಕಿನ ಅರ್ಜಿಯ ಬೆನ್ನಿಗೆ ನಿಂತಿತು, 2020ರಲ್ಲಿ ಪಿಕಪ್ ಬಂತು. ಇದರಲ್ಲಿ ನನಗೆ ದೊಡ್ಡ ತಪ್ಪು ಕಾಣುವುದಿಲ್ಲ. ಟ್ಯಾಕೋ ಯಾರ ಅಂಗಡಿಯದೂ ಅಲ್ಲ, ಪಕ್ಕದ ಬೀದಿಯ ತಳ್ಳುಗಾಡಿಯವನೂ ಅದೇ ಎಮೋಜಿ ಬಳಸಬಹುದು. ಖರ್ಚು ಒಬ್ಬರದು, ಲಾಭ ಎಲ್ಲರದು. ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರು ಕೇಳಿದರೆ ಖುಷಿಪಡುವ ಉದಾಹರಣೆ!

ಸ್ವಂತ ಮನೆಯೊಳಗೆ ಕಂಪನಿಗಳು ಏನು ಬೇಕಾದರೂ ಮಾಡಿಕೊಳ್ಳಲಿ. ಆ್ಯಪಲ್ ತನ್ನ ಕಚ್ಚಿದ ಸೇಬನ್ನು ಯೂನಿಕೋಡ್‌ನಲ್ಲಿ ಖಾಸಗಿ ಬಳಕೆಗೆಂದು ಬಿಟ್ಟ ಜಾಗದಲ್ಲಿ ಇಟ್ಟುಕೊಂಡಿದೆ. ಐಫೋನಿನಿಂದ ಐಫೋನಿಗೆ ಕಳಿಸಿದರೆ ಸೇಬು ಕಾಣುತ್ತದೆ, ಬೇರೆ ಫೋನಿಗೆ ಕಳಿಸಿದರೆ ಸಾಮಾನ್ಯವಾಗಿ ಖಾಲಿ ಚೌಕ. ಮಂಗಳೂರಿನ ರೂಪಾಯಿ ಫಾಂಟ್‌ನ ಕಥೆಯೇ ಇಲ್ಲೂ ಇದೆ. ಟ್ವಿಟರ್ ಇನ್ನೊಂದು ದಾರಿ ಹಿಡಿಯಿತು. 2015ರಲ್ಲಿ ಕೋಕಾ-ಕೋಲಾ ಅದರೊಂದಿಗೆ ಒಪ್ಪಂದ ಮಾಡಿಕೊಂಡಿತು. ನಿರ್ದಿಷ್ಟ ಹ್ಯಾಷ್‌ಟ್ಯಾಗ್ ಬರೆದರೆ ಪಕ್ಕದಲ್ಲಿ ಎರಡು ಬಾಟಲಿಗಳು ತಾಕುವ ಚಿತ್ರ ಬರುತ್ತಿತ್ತು. ಅದೇ ವರ್ಷ ‘ಮೇಕ್ ಇನ್ ಇಂಡಿಯಾ’ಕ್ಕೂ ಸಿಂಹದ ಚಿತ್ರ ಬಂತು. 2020ರಲ್ಲಿ ಬಿಟ್‌ಕಾಯಿನ್‌ಗೂ ಬಂತು. ಅವು ಬಾಡಿಗೆಗೆ ಹಿಡಿದ ಜಾಹೀರಾತು ಫಲಕದಂತೆ, ಟ್ವಿಟರ್‌ನ ಒಳಗೆ ಮಾತ್ರ ಕಾಣುವಂಥವು. ಅಕ್ಷರಮಾಲೆಗೆ ಸೇರಿದವಲ್ಲ. ಯೂನಿಕೋಡ್ ಸಂಸ್ಥೆಯೂ ಹಣ ಪಡೆಯುವುದಿಲ್ಲವೆಂದಲ್ಲ. 2015ರಿಂದ ‘ಅಕ್ಷರ ದತ್ತು’ ಯೋಜನೆ ಇದೆ. 100, 1,000 ಅಥವಾ 5,000 ಡಾಲರ್ ಕೊಟ್ಟು ಯಾರು ಬೇಕಾದರೂ ಒಂದು ಅಕ್ಷರವನ್ನು ದತ್ತು ಪಡೆಯಬಹುದು. ನಿಮ್ಮ ಹೆಸರನ್ನು ದಾನಿಗಳ ಪಟ್ಟಿಯಲ್ಲಿ ಹಾಕುತ್ತಾರೆ. ಅಕ್ಷರದ ಮೇಲೆ ಮಾತ್ರ ಒಂದು ಪೈಸೆಯಷ್ಟು ಹಕ್ಕೂ ಸಿಗುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕಂಪನಿಗಳ ಕಷ್ಟ. ನನಗೆ ಹೆಚ್ಚು ಚಿಂತೆ ಇರುವುದು ಫೋನಿನ ಈ ಕಡೆ ಕೂತವರ ಬಗ್ಗೆ. ಕಳೆದ ವರ್ಷ ನಮ್ಮ ಖಾಲಾಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಬಂತು. ಕಳಿಸಿದವರ ಹೆಸರಿನ ಜಾಗದಲ್ಲಿ ಅವರ ಬ್ಯಾಂಕಿನ ಹೆಸರು, ಮುಂದೆ ಬ್ಯಾಂಕ್ ಕಟ್ಟಡದ ಎಮೋಜಿ, ಅದರ ಮುಂದೆ ಹಸಿರು ಟಿಕ್ ಎಮೋಜಿ. ಇಂದೇ ಕೆವೈಸಿ ಮಾಡದಿದ್ದರೆ ಖಾತೆ ನಿಲ್ಲುತ್ತದೆ ಎಂಬ ಬೆದರಿಕೆ, ಕೆಳಗೆ ಲಿಂಕ್. ಖಾಲಾ ಹೊಲಿಗೆ ಕೆಲಸ ಮಾಡುತ್ತಾರೆ. ರಂಜಾನ್ ತಿಂಗಳಲ್ಲಿ ರಾತ್ರಿಯೆಲ್ಲ ಕೂತು ಹೊಲಿದು ಕೂಡಿಸಿದ್ದ 6,500 ರೂಪಾಯಿ ಹೋಯಿತು. ನಾವು 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು, ಹಣ ಮಾತ್ರ ತಿರುಗಿ ಬಂದಿಲ್ಲ. ಏಕೆ ನಂಬಿದಿರಿ ಎಂದು ಅಮ್ಮಿ ಕೇಳಿದಾಗ ಖಾಲಾ ಹೇಳಿದ್ದು ಒಂದೇ ಮಾತು: ‘ಹರಾ ಟಿಕ್ ಥಾ ನಾ ಆಪಾ.’ ಹಸಿರು ಟಿಕ್ ಇತ್ತಲ್ಲ ಅಕ್ಕಾ ಎಂದು.

ಲೋಗೋ ಚಿತ್ರವನ್ನು ಮೋಸಗಾರರು ಈಗಲೂ ಕಳಿಸಬಹುದಲ್ಲ ಎಂದು ನನ್ನ ಗೆಳೆಯನೊಬ್ಬ ವಾದಿಸಿದ. ಕಳಿಸಬಹುದು, ಡಿಪಿಯಲ್ಲೂ ಹಾಕಬಹುದು. ಆದರೆ ಚಿತ್ರಕ್ಕೂ ಅಕ್ಷರಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹೆಸರು ಬರೆಯುವ ಜಾಗದಲ್ಲಿ ಚಿತ್ರ ಹಾಕಲು ಬರುವುದಿಲ್ಲ, ಎಮೋಜಿ ಹಾಕಲು ಬರುತ್ತದೆ. ಇಮೇಲ್‌ನ ವಿಷಯದ ಸಾಲಿನಲ್ಲಿ, ಗುಂಪಿನ ಹೆಸರಿನಲ್ಲಿ, ಸಾಧಾರಣ ಬರಹ ಹೋಗುವ ಕಡೆಯೆಲ್ಲ ಎಮೋಜಿ ಹೋಗುತ್ತದೆ. ಬರೀ ಟಿಕ್ ಗುರುತೇ ಖಾಲಾಳ ಕಣ್ಣಿಗೆ ಮೊಹರಿನಂತೆ ಕಂಡಿತು. ಬ್ಯಾಂಕಿನ ನಿಜವಾದ ಲೋಗೋ, ಫೋನ್ ಕಂಪನಿಯೇ ಅಂದವಾಗಿ ಬರೆದುಕೊಟ್ಟದ್ದು, ಪ್ರತಿಯೊಬ್ಬನ ಕೀಲಿಮಣೆಯಲ್ಲೂ ಇದ್ದರೆ ಏನಾದೀತು? ಮೊಹರನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚಿದಂತೆ.

ಈಗ ಡಿಜಿಟಲ್ ಹಣಕ್ಕೆ ಬರೋಣ. ಇಲ್ಲಿ ‘ಚಿಹ್ನೆ’ ಮತ್ತು ‘ಎಮೋಜಿ’ ಎರಡನ್ನೂ ಬೇರೆ ಮಾಡಿ ನೋಡಬೇಕು. ಬಿಟ್‌ಕಾಯಿನ್ ಚಿಹ್ನೆ, ಅಂದರೆ ಇಂಗ್ಲಿಷಿನ ಬಿ ಅಕ್ಷರದ ಮೇಲೂ ಕೆಳಗೂ ಎರಡೆರಡು ಗೀಟು ಚಾಚಿದ್ದು, 2017ರ ಜೂನ್‌ನಲ್ಲಿ ಯೂನಿಕೋಡ್ 10.0ರೊಂದಿಗೆ ಪಟ್ಟಿಗೆ ಸೇರಿತು. ಅದು ಕಪ್ಪು ಬಿಳುಪಿನ ಅಕ್ಷರ, ರೂಪಾಯಿ ಚಿಹ್ನೆಯ ಸಾಲಿನಲ್ಲೇ ಇದೆ. ಬಣ್ಣದ ಎಮೋಜಿ ಅಲ್ಲ. ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ. ಚಿಹ್ನೆ ಇಲ್ಲದ ದಿನಗಳಲ್ಲಿ ಕೆಲವರು ಥಾಯ್ಲೆಂಡಿನ ಬಾಟ್ ಚಿಹ್ನೆಯನ್ನು ಎರವಲು ಪಡೆದು ಬೆಲೆ ಬರೆಯುತ್ತಿದ್ದರು. 2011ರಲ್ಲಿ ಒಂದು ಅರ್ಜಿ ಹೋಗಿತ್ತು, ಒಪ್ಪಿಗೆ ಸಿಗಲಿಲ್ಲ. 2015ರಲ್ಲಿ ಕೆನ್ ಶಿರಿಫ್ ಎಂಬವರು, ಜನ ಈ ಗುರುತನ್ನು ವಾಕ್ಯದ ನಡುವೆ ಬಳಸುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ ಕೂಡಿಸಿ ಮತ್ತೆ ಅರ್ಜಿ ಹಾಕಿದ ಮೇಲೆ ಒಪ್ಪಿದರು. ಬಿಟ್‌ಕಾಯಿನ್‌ಗೆ ಮಾಲೀಕ ಕಂಪನಿ ಇಲ್ಲ. ಹಾಗಾಗಿ ಟ್ರೇಡ್‌ಮಾರ್ಕ್‌ನ ತಕರಾರೂ ಇರಲಿಲ್ಲ.

ಅಂದ ಹಾಗೆ, ಅದೇ 10.0 ಆವೃತ್ತಿಯಲ್ಲಿ ಬಂದ ಇನ್ನೊಂದನ್ನು ನಮ್ಮ ಕಾಲೇಜಿನ ಹುಡುಗಿಯರು ದಿನಾ ಬಳಸುತ್ತಾರೆ: ತಲೆವಸ್ತ್ರ ತೊಟ್ಟವರ ಎಮೋಜಿ. ಅದನ್ನು ಕೇಳಿದವಳು ರಯೂಫ್ ಅಲ್‌ಹುಮೈದಿ ಎಂಬ ಸೌದಿ ಹುಡುಗಿ. ಆಗ ಬರ್ಲಿನ್‌ನಲ್ಲಿದ್ದಳು, ವಯಸ್ಸು 15. ಗೆಳತಿಯರ ಗುಂಪಿನಲ್ಲಿ ಎಲ್ಲರಿಗೂ ತಮ್ಮಂತೆ ಕಾಣುವ ಎಮೋಜಿ ಇತ್ತು, ಅವಳಿಗೆ ಮಾತ್ರ ಇರಲಿಲ್ಲ. ಒಬ್ಬಳ ಕೈಯಲ್ಲಿ ಕೋಟ್ಯಂತರ ಜನರ ಮುಖ ಪಟ್ಟಿಗೆ ಸೇರಿತು.

ಸರ್ಕಾರದ ಹಣಕ್ಕೆ ಇಷ್ಟು ಅಲೆದಾಟವಿಲ್ಲ. ರೂಪಾಯಿಗೆ ಹಿಡಿದದ್ದು ಮೂರು ತಿಂಗಳು. ಸೌದಿ ಅರೇಬಿಯಾ ತನ್ನ ರಿಯಾಲ್‌ಗೆ ಹೊಸ ಚಿಹ್ನೆ ಘೋಷಿಸಿದ್ದು 2025ರ ಫೆಬ್ರವರಿಯಲ್ಲಿ, ಸೆಪ್ಟೆಂಬರ್‌ನ ಯೂನಿಕೋಡ್ 17.0ರಲ್ಲಿ ಅದು ಬಂತು. ದಮ್ಮಾಮ್‌ನಲ್ಲಿರುವ ನಮ್ಮ ಚಾಚಾನಂತೆ ರಿಯಾಲ್‌ನಲ್ಲಿ ಸಂಬಳ ಎಣಿಸುವ ಎಷ್ಟೋ ಜನ ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿದ್ದಾರೆ. ನಾಳೆಯಿಂದ ಇಡೀ ದೇಶದ ರಸೀದಿಗಳಲ್ಲಿ ಬರುವ ಚಿಹ್ನೆಗೆ ‘ಬಳಕೆ ಇದೆಯೇ’ ಎಂಬ ಸಾಕ್ಷಿ ಬೇಕಿಲ್ಲ. ರಿಸರ್ವ್ ಬ್ಯಾಂಕ್ ನಮ್ಮ ಇ-ರೂಪಾಯಿಯನ್ನು 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಜನರ ಬಳಕೆಗೆ ಪ್ರಯೋಗವಾಗಿ ಬಿಟ್ಟಾಗ ಇನ್ನೂ ಸರಳ ದಾರಿ ಹಿಡಿಯಿತು: ಇಂಗ್ಲಿಷಿನ ಇ ಅಕ್ಷರ, ಮುಂದೆ ರೂಪಾಯಿ ಚಿಹ್ನೆ. ಹೊಸ ಅಕ್ಷರ ಕೇಳಲೇ ಇಲ್ಲ. ಡಿಜಿಟಲ್ ಆದ ಮಾತ್ರಕ್ಕೆ ಹೊಸ ಗುರುತು ಬೇಕೇಬೇಕು ಅಂತಿಲ್ಲ.

ಹಾಗಾದರೆ ಚಿಹ್ನೆಗೆ ಹೂಂ ಅಂದವನು ಎಮೋಜಿಗೆ ಏಕೆ ಬೇಡ ಅನ್ನುತ್ತೇನೆ? ಚಿಹ್ನೆ ಲೆಕ್ಕ ಬರೆಯಲು ಬೇಕಾದ ಸಾಧನ. ಬೇಕಾದವರು ಹುಡುಕಿ ಬಳಸುತ್ತಾರೆ. ಎಮೋಜಿ ಹಾಗಲ್ಲ, ಯಾರೂ ಕೇಳದಿದ್ದರೂ ಎಲ್ಲರ ಫೋನಿನಲ್ಲಿ ಬಂದು ಕೂರುತ್ತದೆ, ಆರು ವರ್ಷದ ಮಗುವಿನ ಕಣ್ಣಿಗೂ ಬೀಳುತ್ತದೆ. ರೂಪಾಯಿಗೆ ಎಮೋಜಿ ಕೊಟ್ಟರೂ ಬಿಟ್ಟರೂ ನೂರು ರೂಪಾಯಿ ನೂರೇ. ಆದರೆ ಖಾಸಗಿ ಡಿಜಿಟಲ್ ಹಣದ ಬೆಲೆ ಬಹುಮಟ್ಟಿಗೆ ನಿಂತಿರುವುದು ಎಷ್ಟು ಜನ ಅದರತ್ತ ನೋಡುತ್ತಾರೆ ಎಂಬುದರ ಮೇಲೆ. ಡಾಜ್‌ಕಾಯಿನ್ 2013ರಲ್ಲಿ ತಮಾಷೆಗೆಂದೇ ಮಾಡಿದ್ದು, ಅದರ ಗುರುತು ಒಂದು ನಾಯಿಯ ಮುಖ. 2021ರಲ್ಲಿ ಇಲಾನ್ ಮಸ್ಕ್ ಅದರ ಬಗ್ಗೆ ಟ್ವೀಟ್ ಮಾಡಿದಾಗಲೆಲ್ಲ ಬೆಲೆ ಜಿಗಿಯುತ್ತಿತ್ತು. ಒಬ್ಬನ ಟ್ವೀಟ್‌ಗೇ ಹೀಗಾದರೆ, ಭೂಮಿಯ ಮೇಲಿನ ಪ್ರತಿ ಕೀಲಿಮಣೆಯಲ್ಲಿ ಜಾಗ ಕೊಡುವುದು ಎಂಥ ಉಡುಗೊರೆ! ಆ ಉಡುಗೊರೆ ಹೋಗುವುದು ಮೊದಲೇ ಕೊಂಡು ಕೂತವರ ಜೇಬಿಗೆ. ಕೊನೆಗೆ ಕೊಳ್ಳಲು ಬರುವವರಲ್ಲಿ ನಮ್ಮ ವಯಸ್ಸಿನ ಹುಡುಗರೇ ಹೆಚ್ಚು ಎಂಬುದು ನಾನು ಸುತ್ತಮುತ್ತ ನೋಡಿ ಹೇಳುವ ಮಾತು.

ಬಾಳಿಕೆಯ ಪ್ರಶ್ನೆಯೂ ಇದೆ. ಲೂನಾ ಎಂಬ ಡಿಜಿಟಲ್ ಹಣ 2022ರ ಮೇ ಆರಂಭದಲ್ಲಿ 80 ಡಾಲರ್ ಆಸುಪಾಸಿನಲ್ಲಿತ್ತು, ಕೆಲವೇ ದಿನಗಳಲ್ಲಿ ಸೊನ್ನೆಯ ಹತ್ತಿರ ಬಂತು. ಇಂಥವು ಸಾವಿರಾರಿವೆ. ಯೂನಿಕೋಡ್‌ನಲ್ಲಿ ಹಣದ ಚಿಹ್ನೆಗಳಿಗೆಂದು ಇಟ್ಟ ಬೀದಿಯಲ್ಲಿ ಇರುವುದೇ 48 ಮನೆ. ನಮ್ಮ ಸರ್ಕಾರವೂ 2022ರಿಂದ ಇವುಗಳ ಲಾಭಕ್ಕೆ ಶೇಕಡಾ 30 ತೆರಿಗೆ, ವಹಿವಾಟಿಗೆ ಶೇಕಡಾ 1 ಟಿಡಿಎಸ್ ಹಾಕಿದೆ. ಕಾನೂನಿನ ಕಣ್ಣಿನಲ್ಲಿ ಅದು ‘ವರ್ಚುವಲ್ ಡಿಜಿಟಲ್ ಆಸ್ತಿ’, ನೋಟು ಅಲ್ಲ. ಆಸ್ತಿಗೆ ನೋಟಿನ ವೇಷ ಹಾಕುವುದು ಎಮೋಜಿಯ ಕೆಲಸವಾಗಬಾರದು.

ನನ್ನ ವಾದಕ್ಕೆ ಗಟ್ಟಿ ಏಟು ಕೊಡುವ ಪ್ರಶ್ನೆ ಒಂದೇ. ಡಾಲರ್, ಪೌಂಡ್‌ಗಳ ನೋಟು ಇರುವ ಪಟ್ಟಿ ಯಾವ ನ್ಯಾಯದ ಪಟ್ಟಿ? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆ ನಾಲ್ಕನ್ನು ತೆಗೆಯಲು ನಿಯಮ ಬಿಡುವುದಿಲ್ಲ. ರೂಪಾಯಿ ನೋಟು ಬೇಕೆಂದು ಕೇಳಿದರೆ ರಿಯಾಲ್, ಟಾಕಾ, ಯುವಾನ್ ಎಲ್ಲವೂ ಸಾಲಿನಲ್ಲಿ ನಿಲ್ಲುತ್ತವೆ, ನಂದಿನಿ-ಅಮುಲ್ ಕಥೆ ಮತ್ತೆ ಶುರು. 2020ರಲ್ಲಿ ಬಂದ ನಾಣ್ಯದ ಎಮೋಜಿಗೆ ಯಾವ ದೇಶದ ಹೆಸರೂ ಇಲ್ಲ, ಆ ದಾರಿ ನನಗೆ ಹಿಡಿಸಿತು. ಇನ್ನೊಂದು ಕೆಲಸವನ್ನು ನಾಳೆಯೇ ಮಾಡಬಹುದು. ದುಡ್ಡಿನ ಚೀಲದ ಯೂನಿಕೋಡ್ ಹೆಸರಿನಲ್ಲಿ ‘ಡಾಲರ್’ ಎಂಬ ಪದವೇ ಇಲ್ಲ, ಬರೀ ದುಡ್ಡಿನ ಚೀಲ. ಅದರ ಮೇಲೆ ಡಾಲರ್ ಬರೆಯುವುದು ಫೋನ್ ಕಂಪನಿಗಳು ಮಾಡಿಕೊಂಡ ರೂಢಿ. ಚೀಸನ್ನು ಮೇಲಕ್ಕೆತ್ತಿದವರು ಡಾಲರನ್ನು ಒರೆಸಲಾರರೆ? ಬೇಕಾದರೆ ಭಾರತದಲ್ಲಿ ಮಾರುವ ಫೋನಿನ ಚೀಲದ ಮೇಲೆ ರೂಪಾಯಿ ಬರೆಯಲಿ.

ಹೊಸ ಎಮೋಜಿಗೆ ಅರ್ಜಿ ಹಾಕಲು ಕಂಪನಿಯೇ ಆಗಬೇಕಿಲ್ಲ, ಶುಲ್ಕವೂ ಇಲ್ಲ. ಇಂಗ್ಲಿಷ್‌ನಲ್ಲಿ ಬರೆಯಬೇಕು, ಆ ಪದವನ್ನು ಜನ ಎಷ್ಟು ಹುಡುಕುತ್ತಾರೆ ಎಂಬುದನ್ನು ‘ಆನೆ’ ಪದದ ಹುಡುಕಾಟದ ಜೊತೆ ಹೋಲಿಸಿ ತೋರಿಸಬೇಕು. ಆನೆಯೇ ಏಕೆ ಎಂದರೆ ಎಮೋಜಿಗಳ ಜನಪ್ರಿಯತೆಯಲ್ಲಿ ಅದು ಸರಿಸುಮಾರು ನಡುವಿನಲ್ಲಿದೆ. ಆಟೋರಿಕ್ಷಾ, ಸೀರೆ, ಹಣತೆಗಳು 2019ರಲ್ಲಿ ಬಂದವು. ಬಿರಿಯಾನಿ ಇನ್ನೂ ಬಂದಿಲ್ಲ. ಅರ್ಜಿ ಹಾಕಿದರೆ, ಅನ್ನ ಸಾರಿನ ತಟ್ಟೆ ಇದೆ, ಅಗಲ ಬಾಣಲೆಯೂ ಇದೆ, ಅವುಗಳಲ್ಲೇ ಸುಧಾರಿಸಿಕೊಳ್ಳಿ ಎಂದು ಸಮಿತಿ ಹೇಳುವ ಸಾಧ್ಯತೆ ಹೆಚ್ಚು. ಈ ಒಂದು ವಿಷಯದಲ್ಲಿ ಮಾತ್ರ ನಾನು ಸಮಿತಿಯ ಪರವಾಗಿಲ್ಲ.